ಫೋಕಸ್ ಕೈಯಲ್ಲೋ, ಕ್ಯಾಮೆರಾದಲ್ಲೋ? ಛಾಯಾಗ್ರಹಣ ಕಲಿಯುವ ಸದಸ್ಯರಿಗೆ ಮಾರ್ಗದರ್ಶಿ

ಹೊಸದಾಗಿ ಕ್ಯಾಮೆರಾ ಕೊಂಡವರು ಮೊದಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಫೋಕಸ್ ಮಾಡುವುದನ್ನು ಕ್ಯಾಮೆರಾಕ್ಕೇ ಬಿಡಬೇಕೇ, ಲೆನ್ಸಿನ ಉಂಗುರ ತಿರುಗಿಸಿ ನಾವೇ ಮಾಡಬೇಕೇ? ಹಳಬರು ಮ್ಯಾನುಯಲ್ ಕಲಿಯದೆ ಕೈ ಪಳಗುವುದಿಲ್ಲ ಎನ್ನುತ್ತಾರೆ. ಹೊಸಬರು ಇಷ್ಟು ಒಳ್ಳೆಯ ಆಟೋಫೋಕಸ್ ಇರುವಾಗ ಆ ಕಷ್ಟ ಯಾಕೆ ಎನ್ನುತ್ತಾರೆ. ಎರಡೂ ಮಾತಿನಲ್ಲಿ ಸ್ವಲ್ಪ ಸತ್ಯವಿದೆ.

ಚುಟುಕಾಗಿ ಹೇಳುವುದಾದರೆ, ಆಟೋಫೋಕಸ್‌ನಿಂದಲೇ ಆರಂಭಿಸಿ. ಆದರೆ ಎಲ್ಲಿ ಫೋಕಸ್ ಆಗಬೇಕು ಎಂಬುದನ್ನು ಮೊದಲ ದಿನದಿಂದಲೇ ನೀವು ನಿರ್ಧರಿಸಿ, ಕ್ಯಾಮೆರಾಕ್ಕೆ ಬಿಡಬೇಡಿ. ಅದು ರೂಢಿಯಾದ ಮೇಲೆ ಮ್ಯಾನುಯಲ್ ಕಲಿಯಿರಿ. ಶಾಸನ, ಹಳೆ ಕಡತ, ಕತ್ತಲ ರಂಗ, ಮಂಜು ಮುಂತಾದ ಕೆಲವು ಕಡೆ ಅದರ ಅಗತ್ಯ ಬಿದ್ದೇ ಬೀಳುತ್ತದೆ.

ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ನಮ್ಮ ಸದಸ್ಯರು ತೆಗೆಯುವ ಚಿತ್ರಗಳಲ್ಲಿ ಬಹಳಷ್ಟು ಮತ್ತೊಮ್ಮೆ ತೆಗೆಯಲಾಗದವು. ಹಿರಿಯ ಕಲಾವಿದರ ವೇಷ, ಊರ ಜಾತ್ರೆ, ಮುಂದಿನ ವರ್ಷ ಬಣ್ಣ ಬಳಿದು ಮರೆಯಾಗಬಹುದಾದ ಹಳೆಯ ಕನ್ನಡ ಬೋರ್ಡು, ಮಳೆಗೆ ಸವೆಯುತ್ತಿರುವ ಕಲ್ಲಿನ ಅಕ್ಷರ, ಮನೆಯ ಪೆಟ್ಟಿಗೆಯಲ್ಲಿರುವ ಅಜ್ಜನ ಕಾಲದ ಪತ್ರ, ಹೀಗೆ. ಬೆಳಕು ಹೆಚ್ಚುಕಡಿಮೆಯಾದರೆ, ಬಣ್ಣ ಏರುಪೇರಾದರೆ ಕಂಪ್ಯೂಟರ್‌ನಲ್ಲಿ ತಕ್ಕಮಟ್ಟಿಗೆ ಸರಿಪಡಿಸಬಹುದು. ತಪ್ಪಿದ ಫೋಕಸ್ ಹಾಗಲ್ಲ. ಮಸುಕನ್ನು ಚೂಪು ಮಾಡುವ ತಂತ್ರಾಂಶಗಳು ಈಗ ಇವೆಯಾದರೂ, ಕ್ಯಾಮೆರಾ ಹಿಡಿಯದೇ ಬಿಟ್ಟ ಅಕ್ಷರವನ್ನು ಅವು ಊಹಿಸಿ ತುಂಬುತ್ತವೆ. ಊಹೆಯ ಅಕ್ಷರ ಶಾಸನದ ಅಕ್ಷರವಾಗುವುದಿಲ್ಲ.

ಫೋಕಸ್ ಎಂದರೆ ಒಂದು ದೂರ

ಲೆನ್ಸು ಒಂದು ಸಲಕ್ಕೆ ಒಂದೇ ದೂರಕ್ಕೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಆ ದೂರದಲ್ಲಿರುವುದು ಅತ್ಯಂತ ಸ್ಪಷ್ಟ. ಅದಕ್ಕಿಂತ ಹತ್ತಿರ ಅಥವಾ ದೂರ ಹೋದಂತೆ ಮಸುಕು ಹೆಚ್ಚುತ್ತದೆ. ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಪಟ್ಟಿ ಎಷ್ಟು ಅಗಲ ಎಂಬುದನ್ನು ಫೋಕಸ್ ಆಳ ಎನ್ನೋಣ. ಅದು ಮುಖ್ಯವಾಗಿ ಮೂರರ ಮೇಲೆ ನಿಂತಿದೆ: ಅಪರ್ಚರ್, ವಸ್ತುವಿನ ದೂರ ಮತ್ತು ಲೆನ್ಸಿನ ಫೋಕಲ್ ಲೆಂತ್.

ಲೆಕ್ಕ ಹಾಕಿ ನೋಡಿದರೆ ಇದು ಬೇಗ ಮನಸ್ಸಿಗೆ ಬರುತ್ತದೆ. ಕಲಿಯುವವರ ಕೈಯಲ್ಲಿ ಸಾಮಾನ್ಯವಾಗಿರುವ ಎಪಿಎಸ್-ಸಿ ಸೆನ್ಸರ್ ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿ, ಎರಡು ಮೀಟರ್ ದೂರದಲ್ಲಿ ಕುಳಿತವರ ಚಿತ್ರ ತೆಗೆಯುತ್ತಿದ್ದೀರಿ ಎಂದುಕೊಳ್ಳಿ. ಅಪರ್ಚರ್ ಎಫ್/1.8 ಇದ್ದರೆ ಸ್ಪಷ್ಟವಾಗಿ ಬರುವ ಪಟ್ಟಿ ಸುಮಾರು 11 ಸೆಂಟಿಮೀಟರ್ ಮಾತ್ರ. ಕಣ್ಣಿನ ಮೇಲೆ ಫೋಕಸ್ ಇಟ್ಟ ಮೇಲೆ ಅವರು ಸ್ವಲ್ಪ ಮುಂದೆ ಬಾಗಿದರೂ ಮುಖ ಮಸುಕಾಗುತ್ತದೆ. ಅದೇ ಎಫ್/8 ಇದ್ದರೆ ಸುಮಾರು ಅರ್ಧ ಮೀಟರ್ ಆಳ ಸಿಗುತ್ತದೆ. ಸಣ್ಣ ತಪ್ಪು ಅದರೊಳಗೆ ಮುಚ್ಚಿಹೋಗುತ್ತದೆ.

ಹಾಗಾಗಿ ಯಾವ ವಿಧಾನದಲ್ಲಿ ಫೋಕಸ್ ಮಾಡಿದರೂ ಹೊಸಬರಿಗೆ ಎಫ್/5.6ರಿಂದ ಎಫ್/8 ಸುರಕ್ಷಿತ. ಹಿನ್ನೆಲೆ ಮಸುಕಾಗಲಿ ಎಂಬ ಆಸೆಯಿಂದ ಎಲ್ಲ ಚಿತ್ರಗಳನ್ನೂ ಎಫ್/1.8ರಲ್ಲಿ ತೆಗೆದರೆ ಮುಖ್ಯವಾದದ್ದೂ ಮಸುಕಾಗುವ ಸಂಭವ ಹೆಚ್ಚು.

ಇನ್ನೊಂದು ವಿಷಯ. ಮಸುಕೆಲ್ಲ ಫೋಕಸ್ ತಪ್ಪೇ ಆಗಿರಬೇಕಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ನೋಡಿ. ನೀವು ಬಯಸಿದ್ದು ಮಸುಕಾಗಿ, ಅದರ ಮುಂದಿನದೋ ಹಿಂದಿನದೋ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಇದ್ದರೆ ಕೈ ಅಲುಗಿದೆ. ನಿಂತ ಕಂಬ ಸ್ಪಷ್ಟವಾಗಿದ್ದು ಕುಣಿಯುವವರ ಕೈಕಾಲು ಮಾತ್ರ ಎಳೆದಂತಿದ್ದರೆ ಷಟರ್ ವೇಗ ಸಾಲದು. ಈ ಮೂರನ್ನು ಬೇರೆ ಮಾಡಿ ಗುರುತಿಸಲು ಬಂದರೆ ಅರ್ಧ ಕಲಿಕೆ ಮುಗಿದಂತೆ.

ಆಟೋಫೋಕಸ್ ಏನನ್ನು ನೋಡುತ್ತದೆ

ಜನಸಾಮಾನ್ಯರಿಗಾಗಿ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಆಟೋಫೋಕಸ್ ಕ್ಯಾಮೆರಾ 1977ರ ಕೋನಿಕಾ ಸಿ35 ಎಎಫ್. ಲೆನ್ಸ್ ಬದಲಿಸಬಹುದಾದ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಆಟೋಫೋಕಸನ್ನು ಬಳಕೆಗೆ ತಂದದ್ದು 1985ರ ಮಿನೋಲ್ಟಾ 7000. 1987ರಲ್ಲಿ ಕ್ಯಾನನ್ ತನ್ನ ಇಒಎಸ್ ವ್ಯವಸ್ಥೆಯಲ್ಲಿ ಮೋಟಾರನ್ನು ಲೆನ್ಸಿನೊಳಗೇ ಇಟ್ಟಿತು. ಅದಕ್ಕೆ ಮುಂಚೆ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕರು ಕಾಡಿನಲ್ಲಿ ಕೈಯಿಂದಲೇ ಫೋಕಸ್ ಮಾಡಿ ಚಿತ್ರ ತೆಗೆದವರು. ಆಗ ಬೇರೆ ದಾರಿ ಇರಲಿಲ್ಲ.

ಇಂದಿನ ಕ್ಯಾಮೆರಾಗಳು ಎರಡು ವಿಧಾನಗಳನ್ನು ಬಳಸುತ್ತವೆ. ಒಂದು ಫೇಸ್ ಡಿಟೆಕ್ಷನ್. ಲೆನ್ಸಿನ ಎರಡು ಬದಿಯಿಂದ ಬರುವ ಬಿಂಬಗಳು ಎಷ್ಟು ಸರಿದಿವೆ ಎಂದು ಅಳೆದು, ಯಾವ ಕಡೆಗೆ ಎಷ್ಟು ತಿರುಗಬೇಕು ಎಂದು ಒಮ್ಮೆಗೇ ತಿಳಿದುಕೊಳ್ಳುತ್ತದೆ. ಆದ್ದರಿಂದ ವೇಗ ಹೆಚ್ಚು. ಇನ್ನೊಂದು ಕಾಂಟ್ರಾಸ್ಟ್ ಡಿಟೆಕ್ಷನ್. ಲೆನ್ಸನ್ನು ಹಿಂದೆ ಮುಂದೆ ಸರಿಸುತ್ತ ಯಾವ ಸ್ಥಾನದಲ್ಲಿ ಅಂಚುಗಳು ಅತಿ ಚೂಪಾಗಿವೆ ಎಂದು ಹುಡುಕುತ್ತದೆ. ನಿಖರ, ಆದರೆ ನಿಧಾನ. 2013ರ ಕ್ಯಾನನ್ 70ಡಿ ನಂತರ ಮುಖ್ಯ ಸೆನ್ಸರಿನ ಮೇಲೆಯೇ ಫೇಸ್ ಡಿಟೆಕ್ಷನ್ ಮಾಡುವ ತಂತ್ರ ವ್ಯಾಪಕವಾಯಿತು. ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಇದರ ಜೊತೆಗೆ ಮುಖ, ಕಣ್ಣು, ಹಕ್ಕಿ, ಪ್ರಾಣಿಗಳನ್ನೂ ಗುರುತಿಸುತ್ತವೆ.

ಎರಡೂ ವಿಧಾನಕ್ಕೆ ಬೇಕಾದ್ದು ಒಂದೇ: ಬೆಳಕು ಮತ್ತು ಕಣ್ಣಿಗೆ ಕಾಣುವ ಅಂಚು. ಬಿಳಿ ಗೋಡೆ, ದಟ್ಟ ಮಂಜು, ಕತ್ತಲು, ಒಂದೇ ಬಣ್ಣದ ಬಟ್ಟೆ ಎದುರಾದರೆ ಕ್ಯಾಮೆರಾಕ್ಕೆ ಹಿಡಿಯಲು ಏನೂ ಸಿಗದೆ ಲೆನ್ಸ್ ಹಿಂದಕ್ಕೂ ಮುಂದಕ್ಕೂ ಓಡುತ್ತದೆ. ಅಂಚುಗಳು ಹೆಚ್ಚಿರುವ ಜಾಗದಲ್ಲಿ ಬೇರೆ ತೊಂದರೆ. ಎಲೆಗಳ ನಡುವೆ ಹಕ್ಕಿ, ಕಬ್ಬಿಣದ ಜಾಲರಿಯ ಹಿಂದೆ ವಿಗ್ರಹ, ಮೈಕಿನ ಹಿಂದೆ ಭಾಗವತರು ಇದ್ದಾಗ ಅದು ಹತ್ತಿರದ್ದನ್ನೇ ಹಿಡಿಯುತ್ತದೆ. ಚಿತ್ರದಲ್ಲಿ ಮುಖ್ಯವಾದದ್ದು ಯಾವುದು ಎಂಬ ತಿಳಿವಳಿಕೆ ಅದಕ್ಕಿಲ್ಲ. ಅದನ್ನು ಹೇಳುವ ಕೆಲಸ ನಮ್ಮದು.

ಹೇಳುವ ಸಾಧನಗಳು ಎರಡು. ಮೊದಲನೆಯದು ಫೋಕಸ್ ಬಿಂದು. ಹೊಸ ಕ್ಯಾಮೆರಾ ಪೆಟ್ಟಿಗೆಯಿಂದ ಬರುವಾಗ ಬಿಂದುವಿನ ಆಯ್ಕೆ ಸಾಮಾನ್ಯವಾಗಿ ತಾನಾಗಿಯೇ ನಡೆಯುವಂತೆ ಇರುತ್ತದೆ. ಅದನ್ನು ಒಂದೇ ಬಿಂದುವಿಗೆ ಬದಲಿಸಿ, ಆ ಬಿಂದುವನ್ನು ನಿಮಗೆ ಬೇಕಾದಲ್ಲಿಗೆ ಸರಿಸುವುದನ್ನು ಕಲಿಯಿರಿ. ಎರಡನೆಯದು ಫೋಕಸ್ ಕ್ರಮ. ನಿಂತ ವಸ್ತುವಿಗೆ ಒಮ್ಮೆ ಹಿಡಿದು ನಿಲ್ಲುವ ಕ್ರಮ. ನಿಕಾನ್, ಸೋನಿಯಲ್ಲಿ ಇದಕ್ಕೆ ಎಎಫ್-ಎಸ್ ಎಂದೂ ಕ್ಯಾನನ್‌ನಲ್ಲಿ ಒನ್ ಶಾಟ್ ಎಂದೂ ಹೆಸರು. ಚಲಿಸುವ ವಸ್ತುವಿಗೆ ಬೆನ್ನು ಹತ್ತುವ ಕ್ರಮ. ಅದು ಎಎಫ್-ಸಿ, ಕ್ಯಾನನ್‌ನಲ್ಲಿ ಎಐ ಸರ್ವೊ ಅಥವಾ ಸರ್ವೊ.

ಕೈಯಿಂದ ಫೋಕಸ್ ಮಾಡುವುದು ಹೇಗೆ

ಮ್ಯಾನುಯಲ್ ಫೋಕಸ್ ಇಂದು ಹಳೆಯ ಕಾಲಕ್ಕಿಂತ ಕಷ್ಟವೂ ಹೌದು, ಸುಲಭವೂ ಹೌದು. ಹಳೆ ಫಿಲ್ಮ್ ಕ್ಯಾಮೆರಾಗಳ ನೋಟಕಿಂಡಿಯ ನಡುವೆ ಬಿಂಬ ಎರಡು ತುಂಡಾಗಿ ಕಾಣುವ ಗಾಜು ಇರುತ್ತಿತ್ತು. ಉಂಗುರ ತಿರುಗಿಸಿ ಎರಡು ತುಂಡು ಕೂಡಿದರೆ ಫೋಕಸ್ ಆಯಿತು ಎಂದರ್ಥ. ಇಂದಿನ ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿ ಆ ಗಾಜು ಇಲ್ಲ, ಕಿಂಡಿಯೂ ಸಣ್ಣದು. ಹೀಗಾಗಿ ಎಫ್/1.8ರಂಥ ಕಡೆ ಬರಿಗಣ್ಣಿಗೆ ಸರಿ ಕಂಡದ್ದು ಚಿತ್ರದಲ್ಲಿ ಮಸುಕಾಗಿರುತ್ತದೆ. ಕಲಿಯುವವರು ತಮ್ಮ ಕಣ್ಣೇ ಸರಿಯಿಲ್ಲವೇನೋ ಎಂದುಕೊಳ್ಳುತ್ತಾರೆ. ಕೊರತೆ ಇರುವುದು ಆ ಕಿಂಡಿಯಲ್ಲಿ.

ಅದಕ್ಕೆ ಪರಿಹಾರಗಳಿವೆ.

1. ಲೈವ್ ವ್ಯೂ ಹಾಕಿ, ಪರದೆಯಲ್ಲಿ ಬೇಕಾದ ಭಾಗವನ್ನು 5 ಅಥವಾ 10 ಪಟ್ಟು ಹಿಗ್ಗಿಸಿ ಉಂಗುರ ತಿರುಗಿಸಿ. ನಿಂತ ವಸ್ತುವಿಗೆ ಇದಕ್ಕಿಂತ ನಂಬಿಕೆಯ ವಿಧಾನ ಇಲ್ಲ.

2. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಫೋಕಸ್ ಪೀಕಿಂಗ್ ಇದ್ದರೆ ಸ್ಪಷ್ಟವಾದ ಅಂಚುಗಳಿಗೆ ಬಣ್ಣ ಬರುತ್ತದೆ. ವೇಗವಾಗಿ ಹತ್ತಿರಕ್ಕೆ ತರಲು ಒಳ್ಳೆಯದು. ಕೊನೆಯ ನಿಖರತೆಗೆ ಮತ್ತೆ ಹಿಗ್ಗಿಸಿಯೇ ನೋಡಬೇಕು.

3. ಡಿಎಸ್‌ಎಲ್‌ಆರ್ ಕಿಂಡಿಯಲ್ಲಿ ಕೆಲವು ಲೆನ್ಸುಗಳೊಂದಿಗೆ ಫೋಕಸ್ ಸರಿಯಾದಾಗ ಒಂದು ದುಂಡು ಚುಕ್ಕೆ ಬೆಳಗುತ್ತದೆ. ಅದನ್ನು ನೋಡುವ ಅಭ್ಯಾಸ ಮಾಡಿ.

4. ಕಿಂಡಿಯ ಪಕ್ಕದ ಸಣ್ಣ ಚಕ್ರ ಡಯಾಪ್ಟರ್. ಕನ್ನಡಕ ಹಾಕುವವರೂ ಹಾಕದವರೂ ಮೊದಲು ಇದನ್ನು ತಿರುಗಿಸಿ, ಕಿಂಡಿಯೊಳಗಿನ ಅಂಕಿಗಳು ಸ್ಪಷ್ಟವಾಗಿ ಕಾಣುವಂತೆ ಮಾಡಿಕೊಳ್ಳಬೇಕು. ಮನೆಯಲ್ಲಿ ಇಬ್ಬರು ಒಂದೇ ಕ್ಯಾಮೆರಾ ಬಳಸುತ್ತಿದ್ದರೆ ಇದು ಬದಲಾಗುತ್ತಲೇ ಇರುತ್ತದೆ.

5. ಉಂಗುರವನ್ನು ಸರಿಯಾದ ಸ್ಥಾನ ದಾಟಿಸಿ, ಮತ್ತೆ ಹಿಂದಕ್ಕೆ ತನ್ನಿ. ಎರಡೂ ಕಡೆಯ ಮಸುಕು ಕಂಡಾಗ ನಡುವಿನ ಸ್ಪಷ್ಟತೆ ತಿಳಿಯುತ್ತದೆ.

ಎರಡು ಎಚ್ಚರಿಕೆ. ಅಗ್ಗದ ಕೆಲವು ಲೆನ್ಸುಗಳಲ್ಲಿ ಸ್ವಿಚ್ ಎಎಫ್‌ನಲ್ಲಿ ಇರುವಾಗ ಉಂಗುರವನ್ನು ಬಲವಂತವಾಗಿ ತಿರುಗಿಸಬಾರದು, ಒಳಗಿನ ಹಲ್ಲುಗಳು ಹಾಳಾಗುತ್ತವೆ. ಎಂಎಫ್‌ಗೆ ಸರಿಸಿ ಆಮೇಲೆ ತಿರುಗಿಸಿ. ಇನ್ನೊಂದು, ಅನಂತದ ಗುರುತು ಇರುವ ಬಹಳಷ್ಟು ಲೆನ್ಸುಗಳು ಆ ಗುರುತನ್ನೂ ದಾಟಿ ತಿರುಗುತ್ತವೆ. ನಕ್ಷತ್ರಗಳ ಚಿತ್ರಕ್ಕೆ ಉಂಗುರವನ್ನು ಕೊನೆಯವರೆಗೆ ತಿರುಗಿಸಿದರೆ ನಕ್ಷತ್ರ ಚುಕ್ಕೆಯಾಗುವ ಬದಲು ಬಿಲ್ಲೆಯಾಗುತ್ತದೆ. ಒಂದು ಪ್ರಕಾಶಮಾನ ನಕ್ಷತ್ರವನ್ನು ಪರದೆಯಲ್ಲಿ ಹಿಗ್ಗಿಸಿ, ಅದು ಅತಿ ಸಣ್ಣದಾಗುವ ಕಡೆ ನಿಲ್ಲಿಸಿ.

ನಮ್ಮ ಊರುಗಳ ಸಂದರ್ಭಗಳಲ್ಲಿ ಯಾವುದು

*ಯಕ್ಷಗಾನ.* ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ, ಕಾಸರಗೋಡಿನ ಉದ್ದಗಲಕ್ಕೆ ತೆಂಕುತಿಟ್ಟಿನ ಆಟಗಳು ನಡೆಯುತ್ತವೆ. ಕಿರೀಟ, ಭುಜಕೀರ್ತಿ, ಎದೆಪದಕಗಳ ಹೊಳಪು ಆಟೋಫೋಕಸನ್ನು ಸೆಳೆಯುತ್ತದೆ. ಬಣ್ಣದ ವೇಷದ ಚುಟ್ಟಿಯ ಕೆಳಗಿರುವ ಮುಖವನ್ನು ಮುಖವೆಂದು ಗುರುತಿಸಲು ಕ್ಯಾಮೆರಾ ತಡವರಿಸಬಹುದು. ಆದ್ದರಿಂದ ಮುಖ ಗುರುತಿಸುವ ಸೌಲಭ್ಯವನ್ನು ಪೂರ್ತಿ ನಂಬದೆ, ಒಂದೇ ಬಿಂದುವನ್ನು ಕಣ್ಣಿನ ಮೇಲಿಟ್ಟು ಬೆನ್ನು ಹತ್ತುವ ಕ್ರಮದಲ್ಲಿ ತೆಗೆಯಿರಿ. ಷಟರ್ 1/250 ಅಥವಾ ಅದಕ್ಕಿಂತ ಹೆಚ್ಚು ಇರಲಿ. ಅದಕ್ಕಾಗಿ ಐಎಸ್‌ಒ 1600, 3200ಕ್ಕೆ ಏರಿದರೂ ಚಿಂತೆಯಿಲ್ಲ. ಕಾಳುಕಾಳಾದ ಸ್ಪಷ್ಟ ಚಿತ್ರ ನುಣುಪಾದ ಮಸುಕು ಚಿತ್ರಕ್ಕಿಂತ ಮೇಲು. ವೇಷ ರಂಗದ ಮುಂಭಾಗಕ್ಕೆ ಬಂದು ನಿಂತು ಅರ್ಥ ಹೇಳುವ ಹೊತ್ತು ಕಲಿಯುವವರಿಗೆ ಅನುಕೂಲದ್ದು. ಸುತ್ತು ತಿರುಗುವ ಧಿಂಗಣವನ್ನು ಆಮೇಲೆ ಪ್ರಯತ್ನಿಸಿ.

*ತೆಯ್ಯಂ ಮತ್ತು ಬೆಂಕಿಯ ಬೆಳಕು.* ನಸುಕಿನಲ್ಲಿ ಸೂಟೆಯ ಬೆಳಕಿನಲ್ಲಿ ನಡೆಯುವ ಆಚರಣೆಯಲ್ಲಿ ಆಟೋಫೋಕಸ್ ಜ್ವಾಲೆಯ ಅಂಚಿಗೆ ಅಂಟಿಕೊಳ್ಳುತ್ತದೆ. ಇಲ್ಲಿ ಹಳೆಯ ಉಪಾಯವೇ ಒಳ್ಳೆಯದು. ತೆಯ್ಯಂ ಬಂದು ನಿಲ್ಲುವ ಜಾಗ ಗೊತ್ತಿದ್ದರೆ, ಅಷ್ಟೇ ದೂರದಲ್ಲಿ ಬೆಳಕಿರುವ ಒಂದು ದೀಪದ ಕಂಬಕ್ಕೋ ಕಟ್ಟೆಯ ಅಂಚಿಗೋ ಮೊದಲೇ ಫೋಕಸ್ ಮಾಡಿ ಎಂಎಫ್‌ಗೆ ಬದಲಿಸಿ. ಬಂದಾಗ ಒತ್ತಿದರೆ ಸಾಕು. ಫ್ಲ್ಯಾಷ್ ಮತ್ತು ಕ್ಯಾಮೆರಾದ ಫೋಕಸ್ ಸಹಾಯದ ಬೆಳಕು ಎರಡನ್ನೂ ಆರಿಸಿರಿ. ಆರಾಧನೆಯ ಎದುರು ಅವು ಸಲ್ಲವು. ಎಲ್ಲಿ ನಿಲ್ಲಬಹುದು ಎಂಬುದನ್ನು ಸ್ಥಳದ ಹಿರಿಯರನ್ನು ಕೇಳಿಯೇ ನಿಲ್ಲಿ.

*ಜಾತ್ರೆ, ಮೆರವಣಿಗೆ.* ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ನಂದಿಧ್ವಜಗಳು ಜನಸಾಗರದ ನಡುವೆ ಸಾಗುತ್ತವೆ. ದೀಪಾವಳಿಯ ಬೆನ್ನಿಗೆ ತಾಳವಾಡಿಯ ಗುಮಟಾಪುರದಲ್ಲಿ ಗೊರೆ ಹಬ್ಬ. ಇಂಥಲ್ಲಿ ಮ್ಯಾನುಯಲ್‌ಗೆ ಸಮಯವಿಲ್ಲ, ಬೆನ್ನು ಹತ್ತುವ ಆಟೋಫೋಕಸ್ ಇರಲಿ. ಇಡೀ ನೋಟ ಬೇಕಾದಾಗ ಮಾತ್ರ ಒಂದು ಉಪಾಯವಿದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ 18 ಎಂಎಂ, ಎಫ್/8 ಇಟ್ಟು ಎರಡೂವರೆ ಮೀಟರ್‌ಗೆ ಕೈಯಿಂದ ಫೋಕಸ್ ನಿಲ್ಲಿಸಿದರೆ, ಸುಮಾರು ಒಂದೂಕಾಲು ಮೀಟರ್‌ನಿಂದ ದೂರದ ಗೋಪುರದವರೆಗೆ ಎಲ್ಲವೂ ತಕ್ಕಷ್ಟು ಸ್ಪಷ್ಟ. ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ಹಿಡಿದು ತೆಗೆಯುವಾಗಲೂ ಫೋಕಸ್ ತಪ್ಪುವ ಭಯ ಇರುವುದಿಲ್ಲ. ಇದು ಹಗಲಿಗೆ ಮಾತ್ರ. ರಾತ್ರಿ ಎಫ್/8 ಕಷ್ಟ.

*ಮಂಜು ಮತ್ತು ಬಿಳಿ ಬಟ್ಟೆ.* ನೀಲಗಿರಿಯ ಬಡಗ ಊರುಗಳ ಹೆತ್ತೆ ಹಬ್ಬದಲ್ಲಿ ಸಾಲುಸಾಲಾಗಿ ಬಿಳಿ ಉಡುಗೆಯ ಜನ. ಮೇಲೆ ಮಂಜು ಇಳಿದರೆ ಕ್ಯಾಮೆರಾಕ್ಕೆ ಅಂಚೇ ಸಿಗುವುದಿಲ್ಲ. ಫೋಕಸ್ ಬಿಂದುವನ್ನು ಬಟ್ಟೆಯ ನಡುವೆ ಇಡದೆ, ಮುಖ ಮತ್ತು ಮುಂಡಾಸು ಕೂಡುವ ಗೆರೆಯ ಮೇಲೆ ಇಡಿ. ಆಗಲೂ ಹಿಡಿಯದಿದ್ದರೆ ಮ್ಯಾನುಯಲ್.

*ಕಾಡು, ತೋಟ, ಹಕ್ಕಿ.* ವಯನಾಡಿನ ಕಾಫಿ ತೋಟದ ಕೊಂಬೆಗಳ ನಡುವೆ ಹಕ್ಕಿ ಕೂತಾಗ ಆಟೋಫೋಕಸ್ ಮುಂದಿನ ಎಲೆಗೆ ಹೋಗುತ್ತದೆ. ಒಂದೇ ಸಣ್ಣ ಬಿಂದು ಇಡಿ. ಅಥವಾ ಆಟೋಫೋಕಸ್‌ನಲ್ಲಿ ಹತ್ತಿರ ತಂದು, ನಿಮ್ಮ ಲೆನ್ಸಿಗೆ ಆ ಸೌಲಭ್ಯವಿದ್ದರೆ ಉಂಗುರದಿಂದ ಸಣ್ಣದಾಗಿ ತಿದ್ದಿ. ಹಾರುವ ಹಕ್ಕಿಗೆ ಮಾತ್ರ ಆಟೋಫೋಕಸ್ ಬಿಟ್ಟು ಬೇರೆ ಯೋಚನೆ ಬೇಡ.

*ಹಿರಿಯರ ಭಾವಚಿತ್ರ.* ಕಣ್ಣು ಗುರುತಿಸುವ ಆಟೋಫೋಕಸ್ ಇದ್ದರೆ ಬಳಸಿ, ಇಲ್ಲದಿದ್ದರೆ ಒಂದೇ ಬಿಂದುವನ್ನು ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣಿನ ಮೇಲಿಡಿ. ದಪ್ಪ ಕನ್ನಡಕ ಇದ್ದರೆ ಫೋಕಸ್ ಕನ್ನಡಕದ ಚೌಕಟ್ಟಿಗೆ ಹೋಗಬಹುದು. ಎಫ್/5.6 ಇಟ್ಟರೆ ಎರಡೂ ಒಳಗೆ ಬರುತ್ತವೆ. ನಡುವಿನ ಬಿಂದುವಿನಲ್ಲಿ ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ತಿರುಗಿಸುವ ರೂಢಿ ಹಲವರಿಗಿದೆ. ಎಫ್/1.8ರಲ್ಲಿ ಆ ತಿರುವಿನಲ್ಲೇ ಫೋಕಸ್ ಜಾರುತ್ತದೆ. ಬಿಂದುವನ್ನೇ ಕಣ್ಣಿನ ಕಡೆಗೆ ಸರಿಸುವುದು ಸರಿ.

ಶಾಸನ ಮತ್ತು ಕಡತ: ಇಲ್ಲಿ ಮ್ಯಾನುಯಲ್ ಬೇಕು

ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಮಡಕಶಿರಾ ಸೀಮೆಯ ಹೇಮಾವತಿ. ಹಾಗೆಯೇ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆ. ಗಡಿಯಾಚೆಯ ಇಂಥ ಊರುಗಳಲ್ಲಿ ಕನ್ನಡ ಶಾಸನಗಳಿವೆ. ಅವುಗಳ ಚಿತ್ರ ತೆಗೆಯುವಾಗ ಚೆಲುವಿಗಿಂತ ಓದಲು ಬರುವುದು ಮುಖ್ಯ. ಕ್ರಮ ಹೀಗೆ:

- ಕ್ಯಾಮೆರಾ ಕಲ್ಲಿಗೆ ನೇರ ಎದುರಾಗಿ, ಸಮಾನಾಂತರವಾಗಿ ಇರಲಿ. ಓರೆಯಾದರೆ ಒಂದು ಬದಿಯ ಅಕ್ಷರ ಸ್ಪಷ್ಟ, ಇನ್ನೊಂದು ಬದಿ ಮಸುಕು.

- ಬೆಳಕು ಪಕ್ಕದಿಂದ ಬರಬೇಕು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಉತ್ತಮ. ಇಲ್ಲವಾದರೆ ಒಬ್ಬರು ಪಕ್ಕದಿಂದ ಟಾರ್ಚ್ ಹಿಡಿಯಲಿ. ಎದುರಿನ ಫ್ಲ್ಯಾಷ್ ಅಕ್ಷರದ ನೆರಳನ್ನು ಅಳಿಸಿಬಿಡುತ್ತದೆ.

- ಎಫ್/8, ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್. ಲೈವ್ ವ್ಯೂನಲ್ಲಿ ಒಂದು ಅಕ್ಷರದ ಅಂಚನ್ನು ಹಿಗ್ಗಿಸಿ ಕೈಯಿಂದ ಫೋಕಸ್. ಸವೆದ ಕಲ್ಲಿನಲ್ಲಿ ಆಟೋಫೋಕಸ್ ಒಮ್ಮೊಮ್ಮೆ ಪಾಚಿಯ ಕಲೆಯನ್ನೋ ಮುಂದಿನ ಹುಲ್ಲನ್ನೋ ಹಿಡಿದಿರುತ್ತದೆ, ಸಣ್ಣ ಪರದೆಯಲ್ಲಿ ಅದು ಗೊತ್ತಾಗುವುದಿಲ್ಲ.

- ಇಡೀ ಕಲ್ಲಿನ ಒಂದು ಚಿತ್ರ, ಆಮೇಲೆ ಮೇಲಿನಿಂದ ಕೆಳಕ್ಕೆ ಒಂದರ ಮೇಲೊಂದು ಸ್ವಲ್ಪ ಕೂಡುವಂತೆ ಭಾಗಭಾಗದ ಚಿತ್ರ. ಪಕ್ಕದಲ್ಲಿ ಅಳತೆಪಟ್ಟಿ ಇಡಿ.

- ಅಕ್ಷರಕ್ಕೆ ಸುಣ್ಣ, ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಿರಿ.

ಮನೆಯ ಹಳೆಯ ಪತ್ರ, ಕೈಬರಹದ ಪ್ರಸಂಗ, ಶಾಲೆಯ ಹಳೆ ದಾಖಲೆ, ತಾಳೆಗರಿ, ಹಳೆಯ ಫೋಟೊಗಳಿಗೂ ಇದೇ ಕ್ರಮ. ಕ್ಯಾಮೆರಾವನ್ನು ಮೇಜಿನ ಮೇಲೆ ಕೆಳಮುಖವಾಗಿ ಭದ್ರಪಡಿಸಿ, ಮೊದಲ ಹಾಳೆಯ ಅಕ್ಷರಕ್ಕೆ ಫೋಕಸ್ ಮಾಡಿ, ಎಂಎಫ್‌ಗೆ ಬದಲಿಸಿ ಉಂಗುರ ಮುಟ್ಟದೆ ಪುಟ ತಿರುವುತ್ತ ಹೋಗಿ. ಆಟೋಫೋಕಸ್‌ನಲ್ಲಿ ಬಿಟ್ಟರೆ ನೂರು ಪುಟಗಳಲ್ಲಿ ಖಾಲಿ ಜಾಗ ಹೆಚ್ಚಿರುವ ನಾಲ್ಕಾರು ಪುಟ ಮಸುಕಾಗಿ, ಅದು ಗೊತ್ತಾಗುವ ಹೊತ್ತಿಗೆ ಕಡತ ಅದರ ಮನೆಗೆ ಮರಳಿರುತ್ತದೆ. ದಪ್ಪ ಪುಸ್ತಕವಾದರೆ ಪುಟಗಳ ರಾಶಿ ಇಳಿಯುತ್ತ ಹೋದಂತೆ ದೂರ ಬದಲಾಗುತ್ತದೆ. ಇಪ್ಪತ್ತು ಪುಟಕ್ಕೊಮ್ಮೆ ಫೋಕಸ್ ಪರೀಕ್ಷಿಸಿ.

ಮೊಬೈಲಿನಲ್ಲಿ ತೆಗೆಯುವವರಿಗೆ

ಮೊಬೈಲಿನ ಸೆನ್ಸರ್ ಚಿಕ್ಕದು, ಆದ್ದರಿಂದ ಫೋಕಸ್ ಆಳ ಹೆಚ್ಚು, ತಪ್ಪು ಕಡಿಮೆ. ಆದರೂ ಪರದೆಯ ಮೇಲೆ ಬೇಕಾದ ಜಾಗವನ್ನು ಮುಟ್ಟಿ ಫೋಕಸ್ ಮಾಡುವುದು ರೂಢಿಯಾಗಬೇಕು. ಒಂದೇ ಬಿಂದುವಿನ ಆಟೋಫೋಕಸ್ ಎಂದರೆ ಅದೇ. ಐಫೋನ್‌ನಲ್ಲಿಯೂ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿಯೂ ಬೆರಳನ್ನು ಒತ್ತಿ ಹಿಡಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ. ಕಡತ ತೆಗೆಯುವಾಗ ಇದು ಉಪಯುಕ್ತ. ಕೆಲವು ಫೋನುಗಳ ಪ್ರೊ ವಿಧಾನದಲ್ಲಿ ಕೈಯಿಂದ ಫೋಕಸ್ ಸರಿಸುವ ಪಟ್ಟಿಯೂ ಇದೆ. ಪೋರ್ಟ್ರೇಟ್ ವಿಧಾನದ ಹಿನ್ನೆಲೆ ಮಸುಕು ಬಹುಮಟ್ಟಿಗೆ ಲೆಕ್ಕದಿಂದ ಮಾಡಿದ್ದು. ಕಿರೀಟದ ಅಂಚು, ಮಲ್ಲಿಗೆ ಮುಡಿದ ಕೂದಲು ಅದರಲ್ಲಿ ಕತ್ತರಿಸಿಹೋಗಬಹುದು. ದಾಖಲೆಗಾಗಿ ತೆಗೆಯುವ ಚಿತ್ರದಲ್ಲಿ ಅದನ್ನು ಬಳಸಬೇಡಿ. ಮೊದಲು ಲೆನ್ಸನ್ನು ಹತ್ತಿ ಬಟ್ಟೆಯಲ್ಲಿ ಒರೆಸಿ. ಫೋಕಸ್ ತಪ್ಪು ಎಂದುಕೊಂಡದ್ದು ಎಷ್ಟೋ ಸಲ ಬೆರಳಿನ ಜಿಡ್ಡಾಗಿರುತ್ತದೆ.

ಹಳೆಯ ಲೆನ್ಸ್ ಕೊಳ್ಳುವ ಮುನ್ನ

ಮ್ಯಾನುಯಲ್ ಕಲಿಯಲು ಹಳೆ ಲೆನ್ಸ್ ಅಗ್ಗಕ್ಕೆ ಸಿಗುತ್ತದೆ ಎಂದು ಕೆಲವರು ಕೊಳ್ಳುತ್ತಾರೆ. ಕ್ಯಾಮೆರಾಕ್ಕೆ ಹೊಂದುವುದೇ ಎಂದು ಮೊದಲು ನೋಡಿ. ನಿಕಾನ್ ಡಿ3000, ಡಿ5000 ಸರಣಿಯ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಎಎಫ್ 50 ಎಂಎಂ ಎಫ್/1.8ಡಿ ಲೆನ್ಸ್ ಅವುಗಳಲ್ಲಿ ಕೂರುತ್ತದೆ, ಆದರೆ ಕೈಯಿಂದಲೇ ಫೋಕಸ್ ಮಾಡಬೇಕು. ಆಟೋಫೋಕಸ್ ಬೇಕಿದ್ದರೆ ಎಎಫ್-ಎಸ್ ಎಂದು ಬರೆದಿರುವ 1.8ಜಿ ಲೆನ್ಸ್ ಕೊಳ್ಳಬೇಕು. ಕ್ಯಾನನ್‌ನ ಹಳೆಯ ಎಫ್‌ಡಿ ಲೆನ್ಸುಗಳು ಇಒಎಸ್ ಡಿಎಸ್‌ಎಲ್‌ಆರ್‌ಗೆ ನೇರವಾಗಿ ಕೂರುವುದಿಲ್ಲ. ಮಿರರ್‌ಲೆಸ್ ಕ್ಯಾಮೆರಾಗಳಿಗಾದರೆ ಸರಳ ಅಡಾಪ್ಟರ್ ಸಾಕು.

ಕರಾವಳಿ, ವಯನಾಡು, ನೀಲಗಿರಿಯ ತೇವದಲ್ಲಿ ಲೆನ್ಸಿನೊಳಗೆ ಬೂಸಲು ಬೆಳೆಯುತ್ತದೆ. ಕೊಳ್ಳುವಾಗ ಟಾರ್ಚ್ ಬಿಟ್ಟು ಒಳಗೆ ನೋಡಿ. ಬಲೆಯಂಥ ಎಳೆಗಳು ಕಂಡರೆ ಬೇಡ. ಇರುವ ಲೆನ್ಸನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ನಾಲ್ಕು ವಾರಗಳ ಅಭ್ಯಾಸ

ಮೊದಲ ವಾರ: ಒಂದೇ ಬಿಂದು, ಒಮ್ಮೆ ಹಿಡಿದು ನಿಲ್ಲುವ ಕ್ರಮ. ಮೇಜಿನ ಮೇಲೆ ಐದು ಲೋಟಗಳನ್ನು ಒಂದರ ಹಿಂದೊಂದು ಓರೆಯಾಗಿ ಇಟ್ಟು, ಪ್ರತಿಯೊಂದರ ಮೇಲೂ ಬಿಂದು ಸರಿಸಿ ತೆಗೆಯಿರಿ. ಎಫ್/1.8 ಅಥವಾ ನಿಮ್ಮ ಲೆನ್ಸಿನ ಅತಿ ಅಗಲದ ಅಪರ್ಚರ್‌ನಲ್ಲಿ ಒಮ್ಮೆ, ಎಫ್/8ರಲ್ಲಿ ಇನ್ನೊಮ್ಮೆ.

ಎರಡನೆಯ ವಾರ: ಬೆನ್ನು ಹತ್ತುವ ಕ್ರಮ. ನಿಮ್ಮತ್ತ ಸೈಕಲ್ ತುಳಿದುಕೊಂಡು ಬರುವ ಮಗುವೇ ಸಾಕು. ಹತ್ತು ಚಿತ್ರಗಳಲ್ಲಿ ಎಷ್ಟು ಸ್ಪಷ್ಟ ಎಂದು ಎಣಿಸಿ ಬರೆದಿಡಿ.

ಮೂರನೆಯ ವಾರ: ಮ್ಯಾನುಯಲ್, ನಿಂತ ವಸ್ತು. ಅದೇ ಐದು ಲೋಟ, ಲೈವ್ ವ್ಯೂ ಹಿಗ್ಗಿಸಿ. ಆಮೇಲೆ ಒಂದು ಹಳೆ ಪುಸ್ತಕದ ಹತ್ತು ಪುಟ.

ನಾಲ್ಕನೆಯ ವಾರ: ಮ್ಯಾನುಯಲ್, ಮೊದಲೇ ನಿಲ್ಲಿಸಿದ ದೂರ. ಬಾಗಿಲ ಹೊಸ್ತಿಲಿಗೆ ಫೋಕಸ್ ಮಾಡಿ ನಿಲ್ಲಿಸಿ, ಯಾರಾದರೂ ಹೊಸ್ತಿಲು ದಾಟುವ ಕ್ಷಣಕ್ಕೆ ಒತ್ತಿ. ತೆಯ್ಯಂ, ಮೆರವಣಿಗೆಗಳಲ್ಲಿ ಬೇಕಾಗುವ ಕೌಶಲ ಇದೇ.

ಪ್ರತಿ ಸಲವೂ ಚಿತ್ರಗಳನ್ನು ದೊಡ್ಡ ಪರದೆಯಲ್ಲಿ ಪೂರ್ತಿ ಹಿಗ್ಗಿಸಿ ನೋಡಿ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಚಿತ್ರಗಳೂ ಸ್ಪಷ್ಟವಾಗಿಯೇ ಕಾಣುತ್ತವೆ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

*ಆಟೋಫೋಕಸ್ ಬಳಸಿದರೆ ಕಲಿತಂತೆ ಆಗುವುದಿಲ್ಲವೇ?*
ಆಗುತ್ತದೆ. ಬಿಂದುವನ್ನು ನೀವೇ ಆರಿಸುತ್ತಿದ್ದರೆ ನಿರ್ಧಾರ ನಿಮ್ಮದೇ, ಉಂಗುರ ತಿರುಗಿಸುವ ಕೆಲಸ ಮಾತ್ರ ಮೋಟಾರಿನದು. ಬೆಳಕು, ಚೌಕಟ್ಟು, ಕ್ಷಣ ಕಲಿಯಲು ಮನಸ್ಸಿಗೆ ಬಿಡುವು ಸಿಗುತ್ತದೆ.

*ಕಣ್ಣು ಮಂಜಾಗಿದೆ, ಮ್ಯಾನುಯಲ್ ಆಗುತ್ತದೆಯೇ?*
ಚಲಿಸುವ ವಸ್ತುವಿಗೆ ಆಟೋಫೋಕಸ್ ಬಳಸಿ. ಕಡತ, ಶಾಸನಗಳಿಗೆ ಪರದೆಯನ್ನು 10 ಪಟ್ಟು ಹಿಗ್ಗಿಸಿದರೆ ಓದುವ ಕನ್ನಡಕ ಹಾಕಿಕೊಂಡು ನೆಮ್ಮದಿಯಿಂದ ಮಾಡಬಹುದು.

*ವಿಡಿಯೊಗೆ ಯಾವುದು?*
ತಾಳಮದ್ದಳೆ, ಭಾಷಣದಂತೆ ಕುಳಿತೇ ನಡೆಯುವ ಕಾರ್ಯಕ್ರಮಕ್ಕೆ ಒಮ್ಮೆ ಫೋಕಸ್ ಮಾಡಿ ಎಂಎಫ್‌ನಲ್ಲಿ ನಿಲ್ಲಿಸಿ. ಇಲ್ಲವಾದರೆ ನಡುವೆ ಯಾರೋ ಹಾದುಹೋದಾಗ ಫೋಕಸ್ ಅವರ ಹಿಂದೆ ಹೋಗಿ, ಅರ್ಥ ಹೇಳುವವರ ಮುಖ ಕೆಲ ಹೊತ್ತು ಮಸುಕಾಗುತ್ತದೆ. ಕುಣಿತಕ್ಕೆ ಆಟೋಫೋಕಸ್.

*ಒಂದೇ ದಿನ ಎರಡನ್ನೂ ಬಳಸುವುದು ಹೇಗೆ?*
ಅನೇಕ ಕ್ಯಾಮೆರಾಗಳಲ್ಲಿ ಫೋಕಸ್ ಮಾಡುವ ಕೆಲಸವನ್ನು ಷಟರ್ ಗುಂಡಿಯಿಂದ ತೆಗೆದು ಹಿಂಬದಿಯ ಗುಂಡಿಗೆ ಕೊಡಬಹುದು. ಹಿಂದಿನ ಗುಂಡಿ ಒತ್ತಿದಾಗ ಮಾತ್ರ ಆಟೋಫೋಕಸ್, ಬಿಟ್ಟರೆ ಫೋಕಸ್ ಇದ್ದಲ್ಲೇ ನಿಲ್ಲುತ್ತದೆ. ನಾಲ್ಕು ವಾರದ ಅಭ್ಯಾಸ ಮುಗಿದ ಮೇಲೆ ಇದನ್ನು ಮಾಡಿಕೊಳ್ಳಿ.

ಹೊರಡುವ ಮುನ್ನ

ಆಟಕ್ಕೋ ಜಾತ್ರೆಗೋ ಶಾಸನ ನೋಡಲೋ ಹೊರಡುವ ಮುನ್ನ ಐದು ವಿಷಯ ನೋಡಿಕೊಳ್ಳಿ: ಲೆನ್ಸ್ ಒರೆಸಿದೆಯೇ, ಡಯಾಪ್ಟರ್ ಸರಿಯಿದೆಯೇ, ಸ್ವಿಚ್ ಎಎಫ್‌ನಲ್ಲಿದೆಯೋ ಎಂಎಫ್‌ನಲ್ಲೋ, ಫೋಕಸ್ ಬಿಂದು ಒಂದೇ ಇದೆಯೇ, ಫ್ಲ್ಯಾಷ್ ಆರಿಸಿದೆಯೇ. ಮೊದಲ ಐದು ಚಿತ್ರ ತೆಗೆದೊಡನೆ ಹಿಗ್ಗಿಸಿ ನೋಡಿ. ತಪ್ಪಿದ್ದರೆ ಸರಿಪಡಿಸಲು ಆಗ ಇನ್ನೂ ಸಮಯವಿರುತ್ತದೆ.

ಚಿತ್ರಗಳನ್ನು ಜೋಪಾನ ಮಾಡುವಾಗ ಊರು, ದಿನಾಂಕ, ವೇಷ ಅಥವಾ ಶಾಸನದ ವಿವರವನ್ನು ಅಂದೇ ಬರೆದಿಡಿ. ಹತ್ತು ವರ್ಷಗಳ ನಂತರ ಅದನ್ನು ನೋಡುವವರಿಗೆ ಚಿತ್ರ ಸ್ಪಷ್ಟವಾಗಿಯೂ ಇರಬೇಕು, ಅದು ಯಾವ ಊರಿನದೆಂದೂ ತಿಳಿಯಬೇಕು.